ಸಂತ ವಾಜರ ದಾರಿಗೆ ಬೈಕ್ ಹತ್ತುವ ಮೊದಲು



ನಾಲ್ಕು ತಿಂಗಳಿನಿಂದ ನಮ್ಮ ಮನೆಯ ಊಟದ ಮೇಜಿನ ಅರ್ಧಭಾಗವನ್ನು ಶ್ರೀಲಂಕಾದ ನಕ್ಷೆಯೊಂದು ಆಕ್ರಮಿಸಿದೆ. ಜಾಫ್ನಾದ ಮೇಲೆ ಮೀನು ಸಾರಿನ ಕಲೆ ಬಿದ್ದಿದೆ. ಕ್ಯಾಂಡಿಯ ಹತ್ತಿರ ಯಾರೋ ಚಹಾದ ಲೋಟ ಇಟ್ಟು ಉಂಗುರ ಮೂಡಿಸಿದ್ದಾರೆ. ಈ ಗಲಾಟೆಗೆಲ್ಲ ಕಾರಣ ನನ್ನ ಅಣ್ಣನ ಮಗ. ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ. ಅವನೊಂದಿಗೆ ನಮ್ಮದೇ ವಾಳೆಯ ಇನ್ನೊಬ್ಬ. ಇಬ್ಬರೂ ಕಳೆದ ವರ್ಷ ಯುವಜನರ ಗುಂಪಿನೊಂದಿಗೆ ಮುಡಿಪಿನ ಸಂತ ಜೋಸೆಫ್ ವಾಜ್ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಹೋಗಿ ಬಂದವರು. ಬಂದ ವಾರದಲ್ಲೇ ಒಂದು ಸುದ್ದಿ ಹೊರಟಿತು. “ಚಿಕ್ಕಪ್ಪ, ವಾಜರು ತೀರಿಹೋದ ಊರಿನವರೆಗೂ ಹೋಗಬೇಕು. ಲಂಕೆಯಲ್ಲಿ ಬೈಕ್ ಬಾಡಿಗೆಗೆ ಸಿಗುತ್ತದಂತೆ.”

ಸಂತ ವಾಜರು ನಮಗೆ ದೂರದವರಲ್ಲ. ಗೋವೆಯ ಬೆಣಾವಲಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದರು. 1681ರಿಂದ ಮೂರು ವರ್ಷ ನಮ್ಮ ಕೆನರಾ ಸೀಮೆಯಲ್ಲಿ ಊರೂರು ತಿರುಗಿ ಸೇವೆ ಮಾಡಿದರು. ಮುಡಿಪಿನ ಗುಡ್ಡದ ಕತೆ ನಮ್ಮ ಅಜ್ಜಿಯರು ಹೇಳುತ್ತಿದ್ದ ಕತೆ. ಆದರೆ ಅಲ್ಲಿಂದ ಮುಂದಿನ ಇಪ್ಪತ್ತನಾಲ್ಕು ವರ್ಷಗಳ ಬಗ್ಗೆ ನಮ್ಮಲ್ಲಿ ಹೆಚ್ಚು ಮಂದಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಡಚ್ಚರು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಕಸಿದುಕೊಂಡು, ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ಸುಮಾರು ಮೂವತ್ತು ವರ್ಷ ಅಲ್ಲಿನ ಭಕ್ತರಿಗೆ ಒಬ್ಬ ಗುರುವೂ ಇರಲಿಲ್ಲ. ಆಗ ಫಾದರ್ ವಾಜರು ಗೋವೆಯಿಂದ ಹೊರಟು, ತೂತುಕುಡಿಯಲ್ಲಿ ಕೂಲಿಯವನ ವೇಷದಲ್ಲಿ ದೋಣಿ ಹತ್ತಿ, 1687ರಲ್ಲಿ ಲಂಕೆಗೆ ಇಳಿದರು. ಜೊತೆಗಿದ್ದವನು ಜೋವಾನ್ ಎಂಬ ಒಬ್ಬ ಹುಡುಗ ಮಾತ್ರ. ದೋಣಿ ಮುಟ್ಟಿದ್ದು ಮನ್ನಾರ್. ಅಲ್ಲಿಂದ ಜಾಫ್ನಾಕ್ಕೆ ಹೋಗುವಷ್ಟರಲ್ಲಿ ಆಮಶಂಕೆಯಾಗಿ ಸಾಯುವ ಸ್ಥಿತಿ. ಯಾರೋ ಒಬ್ಬ ಹೆಂಗಸು ಗಂಜಿ ತಂದುಕೊಟ್ಟು ಬದುಕಿಸಿದಳು.

ಹುಡುಗರು ಹೊರಟಿರುವುದು ಆ ದಾರಿಗೆ. ಮನ್ನಾರ್, ಜಾಫ್ನಾ ಬಳಿಯ ಸಿಲ್ಲಾಲೆ, ಪುತ್ತಳಂ, ಕ್ಯಾಂಡಿ. ಕೇಳಿ ನನಗೆ ಸಂತೋಷವಾಯಿತು. ಅತ್ತಿಗೆಗೆ ಆಗಲಿಲ್ಲ. ಅವರು ಒಲೆಯ ಕಡೆಯಿಂದ ತಿರುಗದೆ ಹೇಳಿದ ಮಾತು ಇಷ್ಟೇ: “ಸಂತರು ನಡೆದುಕೊಂಡು ಹೋದದ್ದಲ್ವಾ? ಇವನೂ ನಡೆಯಲಿ. ಬೈಕ್ ಬೇಡ.”

ಏಕೆ ಬೇಡ ಎಂಬುದನ್ನು ನಾನು ಬರೆಯದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಈ ಅಂಕಣದಲ್ಲಿ ಇಷ್ಟು ವರ್ಷ ಇದನ್ನು ಬರೆದಿಲ್ಲ. 2004ರ ಜುಲೈಯಲ್ಲಿ ನನ್ನ ಅಣ್ಣ ಮಂಗಳೂರಿನಿಂದ ಮನೆಗೆ ಬರುವಾಗ ಮಳೆಯಲ್ಲಿ ಬೈಕ್ ಜಾರಿ ಬಿದ್ದು ತೀರಿಕೊಂಡ. ಎದುರಿನಿಂದ ಯಾವ ವಾಹನವೂ ಬಂದಿರಲಿಲ್ಲ, ಯಾರ ತಪ್ಪೂ ಇರಲಿಲ್ಲ. ಹುಡುಗನಿಗೆ ಆಗ ನಾಲ್ಕು ವರ್ಷ. ಬೈಕಿನ ವಿಮೆ ಇದ್ದರೆ ಮಾಲೀಕ-ಚಾಲಕನ ಹೆಸರಿನಲ್ಲಿ ಒಂದು ಲಕ್ಷ ರೂಪಾಯಿ ಬರಬೇಕಿತ್ತು. ಆ ಕಾಲಕ್ಕೆ ದ್ವಿಚಕ್ರಕ್ಕೆ ಅಷ್ಟೇ ಇದ್ದದ್ದು. 2018ರಲ್ಲಿ ಅದು ಹದಿನೈದು ಲಕ್ಷವಾಯಿತು. ನಮಗೆ ಒಂದು ಪೈಸೆಯೂ ಬರಲಿಲ್ಲ. ಪಾಲಿಸಿಯ ಅವಧಿ ಮುಗಿದು ಹತ್ತೊಂಬತ್ತು ದಿನ ಆಗಿತ್ತು. ಅದನ್ನು ನವೀಕರಿಸಲು ಅಣ್ಣ ಹಣ ಕೊಟ್ಟಿದ್ದದ್ದು ನನ್ನ ಕೈಯಲ್ಲಿ. ಪೇಟೆಗೆ ಹೋದಾಗ ಕಟ್ಟಿಬಿಡು ಎಂದಿದ್ದ. ನಾಳೆ ಕಟ್ಟುವಾ, ನಾಡಿದ್ದು ಕಟ್ಟುವಾ ಎಂದು ನಾನು ಅದನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ.

ಅತ್ತಿಗೆ ನನಗೆ ಒಂದು ಮಾತೂ ಹೇಳಲಿಲ್ಲ. ಇಪ್ಪತ್ತು ವರ್ಷ ಬೀಡಿ ಕಟ್ಟಿ, ಹೊಲಿಗೆ ಹಾಕಿ ಹುಡುಗನನ್ನು ಓದಿಸಿದರು. ಆದರೆ ಮನೆಗೆ ಬರುವ ಯಾವ ಕಾಗದವನ್ನೂ ನನ್ನ ಕೈಗೆ ಕೊಡುವ ಮೊದಲು ಒಂದು ಗಳಿಗೆ ಹಿಡಿದುಕೊಂಡು ನಿಲ್ಲುತ್ತಾರೆ. ಅದು ನನಗೆ ಗೊತ್ತು.

ಹುಡುಗ ಎರಡು ವಾರ ಮಾತು ಬಿಟ್ಟ. ಬೇರೆ ಮಕ್ಕಳ ಹಾಗೆ ಹೇಳದೆ ಹೋಗಬಹುದಿತ್ತು, ಸ್ವಂತ ದುಡಿಮೆ ಇದೆ. ಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಅತ್ತಿಗೆಯೇ ನನ್ನನ್ನು ಕರೆದು ಹೇಳಿದರು: “ಕಾಗದ ಎಲ್ಲ ಸರಿ ಇದ್ದರೆ ಹೋಗಲಿ. ಸರಿ ಇದೆಯಾ ಅಂತ ನೋಡುವುದು ನೀನು.” ಬೇರೆ ಯಾರಿಗಾದರೂ ಹೇಳಬಹುದಿತ್ತು. ನನಗೇ ಹೇಳಿದರು.

ಹಾಗಾಗಿ ಅರವತ್ತರ ಹತ್ತಿರದ ಈ ವಯಸ್ಸಿನಲ್ಲಿ ನಾನು ಬೈಕ್ ಪ್ರವಾಸದ ಕಾಗದ ಪರೀಕ್ಷಕನಾದೆ. ನಮ್ಮ ಧರ್ಮಕೇಂದ್ರದ ಮಕ್ಕಳಲ್ಲಿ ಈಗ ಬೈಕ್ ಇಲ್ಲದವರು ಕಡಿಮೆ. ಹೊರದೇಶದಲ್ಲಿ ಓಡಿಸಬೇಕೆಂಬ ಆಸೆ ಇರುವವರೂ ಕಡಿಮೆಯಲ್ಲ. ಕಲಿತದ್ದನ್ನು ಬರೆದಿಡುತ್ತೇನೆ.

ಮೊದಲನೆಯ ಚರ್ಚೆ, ನಮ್ಮ ಬೈಕನ್ನೇ ಕೊಂಡುಹೋಗುವುದೇ ಎಂದು. ನಾಗಪಟ್ಟಣದಿಂದ ಜಾಫ್ನಾ ಬಳಿಯ ಕಾಂಕೇಸಂತುರೈಗೆ 2023ರ ಅಕ್ಟೋಬರ್‌ನಲ್ಲಿ ಹಡಗು ಶುರುವಾಯಿತು, ನಡುವೆ ನಿಂತು 2024ರ ಆಗಸ್ಟ್‌ನಲ್ಲಿ ಮತ್ತೆ ಹೊರಟಿತು. ಹುಡುಗ ಅದರ ಮೇಲೆ ಕಣ್ಣಿಟ್ಟಿದ್ದ. ಆದರೆ ಅದು ಜನರ ಹಡಗು, ವಾಹನ ಹತ್ತಿಸುವುದಿಲ್ಲ. ಸಮುದ್ರ ಕೆರಳಿದರೆ ಹೊರಡುವುದೂ ಇಲ್ಲ. (ಹಳಬರಿಗೆ ನೆನಪಿರಬಹುದು, ಧನುಷ್ಕೋಡಿಯಿಂದ ತಲೈಮನ್ನಾರಿಗೆ ರೈಲಿಗೆ ಜೋಡಿಸಿದ ಹಡಗು ಇತ್ತು. 1964ರ ಡಿಸೆಂಬರ್‌ನ ಚಂಡಮಾರುತ ಧನುಷ್ಕೋಡಿಯನ್ನೇ ಅಳಿಸಿಹಾಕಿತು.) ಇನ್ನು ಸರಕಿನ ಹಡಗಿನಲ್ಲಿ ಕಳಿಸುವುದಾದರೆ ‘ಕಾರ್ನೆ’ ಎಂಬ ಸುಂಕದ ಪತ್ರ ಬೇಕು, ಅದಕ್ಕೆ ಭದ್ರತೆಯ ದೊಡ್ಡ ಮೊತ್ತ ಇಡಬೇಕು. ಆರು ತಿಂಗಳ ಪ್ರಯಾಣಕ್ಕೆ ಅದು ಸರಿ, ಹನ್ನೆರಡು ದಿನಕ್ಕೆ ಹುಚ್ಚು. ಬಾಡಿಗೆಯೇ ಸೈ ಎಂದಾಯಿತು.

ಬಾಡಿಗೆಯಲ್ಲೂ ಹುಡುಗನ ಕಣ್ಣು ಬುಲೆಟ್ ಮೇಲೆ. ನಾನು ಬೇಡವೆಂದೆ. ಲಂಕೆಯಲ್ಲಿ ಓಡುವ ಬೈಕುಗಳಲ್ಲಿ ಬಹಳಷ್ಟು ನಮ್ಮವೇ. ಬಜಾಜ್, ಟಿವಿಎಸ್, ಹೀರೋ. ಪುತ್ತಳಂ ದಾಟಿ ಕಾಡಿನ ಬದಿಯಲ್ಲಿ ಕೆಟ್ಟು ನಿಂತರೆ ಹಳ್ಳಿಯ ಮೆಕ್ಯಾನಿಕ್‌ಗೆ ಕೈ ಪಳಗಿರುವುದು ಅದರಲ್ಲಿ. ಇನ್ನೊಂದು ವಿಷಯ: ಡಾಲರ್ ಕೊರತೆಯಿಂದ ಆ ದೇಶ 2020ರ ಮಾರ್ಚ್‌ನಲ್ಲಿ ವಾಹನ ಆಮದು ನಿಲ್ಲಿಸಿ, 2025ರಲ್ಲಷ್ಟೇ ಹಂತ ಹಂತವಾಗಿ ತೆರೆಯಿತು. ಹಾಗಾಗಿ ಬಾಡಿಗೆಗೆ ಸಿಗುವುದು ಹಳೆಯ ಬೈಕ್ ಆಗಿರುವ ಸಂಭವ ಹೆಚ್ಚು. ಟಯರು, ಬ್ರೇಕ್, ಹಾರ್ನ್, ಹಿಂದಿನ ದೀಪ ನೋಡದೆ ಕೀ ತೆಗೆದುಕೊಳ್ಳಬಾರದು. ಇರುವ ಗೀರುಗಳನ್ನೆಲ್ಲ ಅಂಗಡಿಯವನ ಎದುರಿನಲ್ಲೇ ಫೋಟೊ ತೆಗೆಯಬೇಕು. ಕೆಲವರು ಪಾಸ್‌ಪೋರ್ಟನ್ನೇ ಅಡವು ಇಟ್ಟುಕೊಳ್ಳುತ್ತೇವೆ ಎನ್ನುತ್ತಾರೆ. ಕೊಡಕೂಡದು. ಜೆರಾಕ್ಸ್ ಕೊಡಿ, ಮುಂಗಡ ಹಣ ಕೊಡಿ, ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ಬೈಕಿನೊಂದಿಗೆ ಅದರ ವಿಮಾ ಪತ್ರ ಮತ್ತು ಆ ವರ್ಷದ ರೆವಿನ್ಯೂ ಲೈಸನ್ಸ್ ಎರಡೂ ಇರಬೇಕು. ಎರಡರ ಕೊನೆಯ ತಾರೀಕು ನೋಡಿ, ಅದು ನೀವು ಬೈಕ್ ವಾಪಸು ಕೊಡುವ ದಿನದ ಆಚೆ ಇರಬೇಕು. ಹತ್ತೊಂಬತ್ತು ದಿನದ ಲೆಕ್ಕ ನನಗೆ ಗೊತ್ತಿದೆ.

ಈಗ ಲೈಸನ್ಸ್. ಇಲ್ಲಿ ನಾವು ಮುಗ್ಗರಿಸಿದೆವು. ಹೊರದೇಶದಲ್ಲಿ ಓಡಿಸಲು ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ, ಅಂದರೆ ಐಡಿಪಿ ಬೇಕು. ನಮ್ಮ ಆರ್‌ಟಿಒ ಕಚೇರಿಯೇ ಕೊಡುತ್ತದೆ, ‘ಪರಿವಾಹನ್’ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಒಂದು ವರ್ಷದವರೆಗೆ ಊರ್ಜಿತ, ಅಷ್ಟರೊಳಗೆ ನಮ್ಮ ಲೈಸನ್ಸಿನ ಅವಧಿ ಮುಗಿದರೆ ಇದೂ ಮುಗಿಯಿತು. ಆ ಪುಸ್ತಕದಲ್ಲಿ ವಾಹನದ ವರ್ಗಗಳಿಗೆ ಅಕ್ಷರಗಳಿವೆ. ಕಾರಿಗೆ ‘ಬಿ’, ಮೋಟಾರ್ ಸೈಕಲಿಗೆ ‘ಎ’. ಯಾವುದಕ್ಕೆ ಮುದ್ರೆ ಇದೆಯೋ ಅದನ್ನು ಮಾತ್ರ ಓಡಿಸಬಹುದು. ನಮ್ಮ ಹುಡುಗನಿಗೆ ತೊಂದರೆ ಇರಲಿಲ್ಲ. ಗೆಳೆಯನ ಲೈಸನ್ಸ್ ತರಿಸಿ ನೋಡಿದರೆ ಅದರಲ್ಲಿ ಇದ್ದದ್ದು ಕಾರು ಮಾತ್ರ! ಕಾಲೇಜಿನ ದಿನದಿಂದ ಬೈಕ್ ಓಡಿಸುತ್ತಿದ್ದಾನೆ, ತಂಗಿಯನ್ನು ಹಿಂದೆ ಕೂರಿಸಿಕೊಂಡು ಇಗರ್ಜಿಗೆ ಬರುತ್ತಾನೆ, ಎಂಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.

“ಅಂಕಲ್, ಅಲ್ಲಿಯೂ ಯಾರು ಕೇಳುತ್ತಾರೆ?” ಎಂದ. ಅಲ್ಲಿ ಪೊಲೀಸರು ಕೇಳದೇ ಇರಬಹುದು. ಆದರೆ ಬಿದ್ದ ದಿನ ವಿಮೆಯವರು ಕೇಳುತ್ತಾರೆ ಎಂದೆ. ನನ್ನ ದನಿ ಸ್ವಲ್ಪ ಏರಿತೋ ಏನೋ, ಅವನು ಮತ್ತೆ ಮಾತಾಡಲಿಲ್ಲ. ಮರುದಿನವೇ ಹೋಗಿ ಲರ್ನರ್ಸ್‌ಗೆ ಹೆಸರು ಕೊಟ್ಟ. ಒಂದು ತಿಂಗಳು ಕಾದು, ನಮ್ಮ ಕೇರಳದ ಪ್ರಸಿದ್ಧ ‘ಎಂಟು’ ಹಾಕುವ ಪರೀಕ್ಷೆಗೆ ನಿಂತ. ಮೊದಲ ಸಲ ಕಾಲು ನೆಲಕ್ಕೆ ತಾಗಿ ಫೇಲ್! ಎಂಟು ವರ್ಷ ಓಡಿಸಿದವನು! ಎರಡನೇ ಸಲ ಪಾಸಾದ. ಇದರಿಂದಾಗಿ ಮೊದಲು ಇಟ್ಟುಕೊಂಡಿದ್ದ ಜನವರಿಯ ಪ್ರಯಾಣ ಕೈಬಿಟ್ಟಿತು. ನಿಮ್ಮ ಮನೆಯ ಮಕ್ಕಳ ಲೈಸನ್ಸನ್ನು ಇವತ್ತೇ ತೆಗೆದು ನೋಡಿ. ಪ್ರವಾಸಕ್ಕಲ್ಲ, ನಾಳೆ ಬೆಳಗ್ಗೆ ಪೇಟೆಗೆ ಹೋಗುವುದಕ್ಕೆ.

ಐಡಿಪಿ ಸಿಕ್ಕಿದರೂ ಲಂಕೆಯಲ್ಲಿ ಅದೊಂದೇ ಸಾಲದು. ಅದರ ಮೇಲೆ ಆಟೊಮೊಬೈಲ್ ಅಸೋಸಿಯೇಶನ್ ಆಫ್ ಸಿಲೋನ್ ಎಂಬ ಸಂಸ್ಥೆಯ ಅನುಮೋದನೆ ಬೇಕು. ಇಲ್ಲವಾದರೆ ಅಲ್ಲಿನ ಮೋಟಾರು ಸಂಚಾರ ಇಲಾಖೆಯ ತಾತ್ಕಾಲಿಕ ಪರವಾನಿಗೆ ಬೇಕು. 2025ರ ಆಗಸ್ಟ್‌ನಲ್ಲಿ ಇಲಾಖೆಯವರು ಕಟುನಾಯಕೆ ವಿಮಾನ ನಿಲ್ದಾಣದಲ್ಲೇ ಒಂದು ಕೌಂಟರ್ ತೆರೆದರು. ಆದರೆ ಬೈಕಿಗೆ ಅದು ಒದಗುತ್ತದೆಯೇ ಎಂದು ಹೊರಡುವ ಮೊದಲೇ ಬರೆದು ಕೇಳಿಕೊಳ್ಳಬೇಕು. ನಾವು ಅದನ್ನು ನೆಚ್ಚಿಕೊಳ್ಳದೆ ಅಸೋಸಿಯೇಶನ್ನಿನ ದಾರಿಯನ್ನೇ ಹಿಡಿದೆವು. ಅವರ ಕಚೇರಿ ಕೊಲಂಬೊದಲ್ಲಿ ಗಾಲ್ ಫೇಸ್ ಮೈದಾನಕ್ಕೆ ಹತ್ತಿರ. ಅದೇ ಮೈದಾನದಲ್ಲಿ 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಜೋಸೆಫ್ ವಾಜರನ್ನು ಸಂತರೆಂದು ಘೋಷಿಸಿದ್ದು. ಒಂದು ಮುದ್ರೆ ಹಾಕಿಸಲು ಹೋಗುವವರಿಗೆ ಇಷ್ಟು ಭಾಗ್ಯ ಸಾಕು.

ಹುಡುಗನ ಮೊದಲ ಟಿಪ್ಪಣಿಯಲ್ಲಿ ಶುಕ್ರವಾರ ರಾತ್ರಿ ಇಳಿಯುವುದು, ಶನಿವಾರ ಬೆಳಗ್ಗೆ ಬೈಕ್ ಹತ್ತುವುದು ಎಂದಿತ್ತು. ಶನಿವಾರ ಭಾನುವಾರ ಕಚೇರಿ ಇಲ್ಲ. ಆ ವಾರ ಸೋಮವಾರ ಹುಣ್ಣಿಮೆ. ಲಂಕೆಯಲ್ಲಿ ಪ್ರತಿ ಹುಣ್ಣಿಮೆಯೂ ‘ಪೋಯ’ ದಿನ, ಬೌದ್ಧರ ಹಬ್ಬ, ಸರಕಾರಿ ರಜೆ. ಅಂದು ಮದ್ಯ ಮಾರುವಂತಿಲ್ಲ. (ಇದನ್ನು ಓದಿ ಅತ್ತಿಗೆಗೆ ಆ ದೇಶದ ಮೇಲೆ ಸ್ವಲ್ಪ ಗೌರವ ಬಂತು.) ಹೀಗೆ ಮುದ್ರೆ ಇಲ್ಲದೆ ಮೂರು ದಿನ ಕೂರಬೇಕಾಗುತ್ತಿತ್ತು, ಅಥವಾ ಕೂರಲಾರದೆ ಮುದ್ರೆ ಇಲ್ಲದೆ ಹೊರಡುತ್ತಿದ್ದರು. ಎರಡನೆಯದೇ ಆಗುತ್ತಿತ್ತೆಂದು ನನ್ನ ಅನುಮಾನ. ಈಗ ಭಾನುವಾರ ನಸುಕಿಗೆ ಇಳಿಯುವುದು, ವಿಮಾನ ನಿಲ್ದಾಣದ ಹತ್ತಿರದ ನೆಗೊಂಬೊದಲ್ಲಿ ತಂಗುವುದು, ಸೋಮವಾರ ರೈಲಿನಲ್ಲಿ ಕೊಲಂಬೊಗೆ ಹೋಗಿ ಮುದ್ರೆ, ಮಂಗಳವಾರ ಬೈಕ್.

ಆ ಭಾನುವಾರದ ಬಲಿಪೂಜೆ ನೆಗೊಂಬೊದ ಕಟುವಾಪಿಟಿಯ ಸಂತ ಸೆಬಾಸ್ಟಿಯನ್ನರ ಇಗರ್ಜಿಯಲ್ಲಿ. 2019ರ ಏಪ್ರಿಲ್ 21, ಪಾಸ್ಖ ಭಾನುವಾರ, ಪೂಜೆಯ ಹೊತ್ತಿನಲ್ಲಿ ಬಾಂಬು ಸಿಡಿದು ನೂರಕ್ಕೂ ಹೆಚ್ಚು ಮಂದಿ ಅಲ್ಲಿ ತೀರಿಕೊಂಡರು. ಅದೇ ದಿನ ಕೊಲಂಬೊದ ಕೊಚ್ಚಿಕಡೆ ಸಂತ ಅಂತೋನಿಯವರ ಪುಣ್ಯಕ್ಷೇತ್ರದಲ್ಲಿ, ಬಟ್ಟಿಕಲೋವಾದ ಜಿಯೋನ್ ಚರ್ಚಿನಲ್ಲಿ, ಹೋಟೆಲುಗಳಲ್ಲಿ. ಏಪ್ರಿಲ್ 21 ವಾಜರ ಜನ್ಮದಿನ. ಈ ಎರಡು ತಾರೀಕು ಒಂದೇ ಎಂಬುದನ್ನು ಮೊದಲು ಗಮನಿಸಿದವರು ಅತ್ತಿಗೆ. ಆ ಪೂಜೆಯನ್ನು ಪಟ್ಟಿಗೆ ಸೇರಿಸಿದವರೂ ಅವರೇ.

ತಿಂಗಳು ಯಾವುದೆಂಬುದಕ್ಕೂ ಜಗಳವಾಯಿತು. ವಾಜರ ಹಬ್ಬ ಜನವರಿ 16, ಅವರು 1711ರಲ್ಲಿ ಕ್ಯಾಂಡಿಯಲ್ಲಿ ಕಣ್ಣು ಮುಚ್ಚಿದ ದಿನ. ಅಂದು ಅಲ್ಲಿರಬೇಕೆಂದು ಹುಡುಗರ ಆಸೆ. ಆದರೆ ಆ ದ್ವೀಪಕ್ಕೆ ಎರಡು ಮಳೆಗಾಲ. ನಮ್ಮ ಹಾಗೆಯೇ ಮೇಯಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮಕ್ಕೂ ಗುಡ್ಡ ಪ್ರದೇಶಕ್ಕೂ. ಈಶಾನ್ಯ ಮಳೆ ಡಿಸೆಂಬರ್, ಜನವರಿಯಲ್ಲಿ ಉತ್ತರಕ್ಕೂ ಪೂರ್ವಕ್ಕೂ. ಮನ್ನಾರ್, ಜಾಫ್ನಾ, ಕ್ಯಾಂಡಿ ಮೂರಕ್ಕೂ ಹೊಂದುವ ಒಣ ದಿನಗಳು ಫೆಬ್ರವರಿ, ಮಾರ್ಚ್. ಏಪ್ರಿಲ್ ಮಧ್ಯದಲ್ಲಿ ಸಿಂಹಳ-ತಮಿಳು ಹೊಸ ವರ್ಷ, ಅಂಗಡಿ ಮುಂಗಟ್ಟು ಮುಚ್ಚಿರುತ್ತದೆ. ಗೆಳೆಯನ ಲೈಸನ್ಸ್‌ನಿಂದ ಜನವರಿ ಹೇಗೂ ತಪ್ಪಿತ್ತಲ್ಲ, ತಪಸ್ಕಾಲದ ಎರಡನೇ ವಾರವೆಂದು ನಿಶ್ಚಯವಾಯಿತು. ಮಳೆಯಲ್ಲಿ ಬೈಕ್ ಇಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಕಾರಣ ಕೇಳುವವರಿಲ್ಲ.

ದಾರಿ ಹೀಗಿದೆ. ನೆಗೊಂಬೊದಿಂದ ಕರಾವಳಿಯುದ್ದಕ್ಕೆ ಪುತ್ತಳಂ, ಸುಮಾರು 100 ಕಿ.ಮೀ. ಅಲ್ಲಿಂದ ಅನುರಾಧಪುರ 75. ನಕ್ಷೆಯಲ್ಲಿ ಪುತ್ತಳಂನಿಂದ ವಿಲ್ಪತ್ತು ಅಭಯಾರಣ್ಯದ ಮೂಲಕ ಮನ್ನಾರಿಗೆ ನೇರ ಗೆರೆ ಕಾಣುತ್ತದೆ. ಅದು ನಮ್ಮ ದಾರಿಯಲ್ಲ. ಅನುರಾಧಪುರದಿಂದ ಮಡು ಮಾತೆಯ ಕ್ಷೇತ್ರಕ್ಕೆ ಹೋಗಿ ಮನ್ನಾರ್ ಸೇರಲು ಸುಮಾರು 130. ಮನ್ನಾರಿನಿಂದ ಸಮುದ್ರದ ಬದಿಯಲ್ಲೇ ಸಾಗಿ, ಯುದ್ಧ ಮುಗಿದ ಮೇಲೆ 2011ರಲ್ಲಿ ತೆರೆದ ಸಂಗುಪಿಟ್ಟಿ ಸೇತುವೆ ದಾಟಿ ಜಾಫ್ನಾ 120. ಜಾಫ್ನಾದಿಂದ ಕ್ಯಾಂಡಿಗೆ ‘ಎ 9’ ರಸ್ತೆ, 321 ಕಿ.ಮೀ. ಹುಡುಗ ಇದನ್ನು ಒಂದೇ ದಿನಕ್ಕೆ ಬರೆದಿದ್ದ. ಮನೆ ಮನೆಯ ಮುಂದೆ ಹೋಗುವ ರಸ್ತೆ, ಆಟೊ, ಸೈಕಲ್, ನಾಯಿ, ನಮ್ಮ ಕರಾವಳಿಯ ಬಸ್ಸುಗಳಿಗೇ ಪಾಠ ಹೇಳಬಲ್ಲ ಖಾಸಗಿ ಬಸ್ಸುಗಳು. ಗಂಟೆಗೆ 40 ಕಿ.ಮೀ.ಗಿಂತ ಹೆಚ್ಚಿನ ಲೆಕ್ಕ ಹಾಕಬಾರದು. ಎಕ್ಸ್‌ಪ್ರೆಸ್‌ವೇಗಳಲ್ಲಿ ಬೈಕಿಗೆ ಪ್ರವೇಶವೇ ಇಲ್ಲ. ಅದನ್ನು ಎರಡು ದಿನವಾಗಿ ಒಡೆದೆವು, ನಡುವೆ ದಂಬುಳ್ಳದಲ್ಲಿ ರಾತ್ರಿ.

ಸಂಜೆ ಐದರ ನಂತರ ಓಡಿಸುವಂತಿಲ್ಲ. ಪುತ್ತಳಂ, ಅನುರಾಧಪುರ, ಮಡು ಸುತ್ತಿನ ರಸ್ತೆಗಳಲ್ಲಿ ಮುಸ್ಸಂಜೆಗೆ ಆನೆ ದಾಟುತ್ತದೆ. ನಮ್ಮೂರ ಮಕ್ಕಳಿಗೆ ಕಾಡುಹಂದಿಯ ಅಭ್ಯಾಸವಿದೆ, ಆನೆಯದು ಬೇರೆ ಲೆಕ್ಕ. ಉತ್ತರದಲ್ಲಿ ಇನ್ನೊಂದು ಅಪಾಯ ನೆಲದೊಳಗೆ. 2009ರ ಮೇಯಲ್ಲಿ ಮುಗಿದ ಯುದ್ಧದ ನೆಲಬಾಂಬುಗಳನ್ನು ತೆಗೆಯುವ ಕೆಲಸ ಇನ್ನೂ ಪೂರ್ತಿಯಾಗಿಲ್ಲ. ತಲೆಬುರುಡೆಯ ಕೆಂಪು ಫಲಕ ಕಂಡ ಕಡೆ ಫೋಟೊಗೆಂದೋ ಮೂತ್ರಕ್ಕೆಂದೋ ರಸ್ತೆ ಬಿಟ್ಟು ಪೊದೆಗೆ ಇಳಿಯಬಾರದು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆಯುವುದು ಅಲ್ಲಿ ಅವಮಾನ. ನಮ್ಮ ಪೀಠದ ಮುಂದೆ ಹಾಗೆ ಮಾಡಿದರೆ ನಮಗೂ ನೋಯುತ್ತದಲ್ಲ?

ಮಡುವಿನ ಬಗ್ಗೆ ಎರಡು ಮಾತು ಬರೆಯದೆ ಮನಸ್ಸು ಕೇಳದು. ಡಚ್ಚರ ಹಿಂಸೆಗೆ ಅಂಜಿ 1670ರಲ್ಲಿ ಮಾಂತೈಯ ಕಥೋಲಿಕರು ತಮ್ಮ ಮಾತೆಯ ಪ್ರತಿಮೆಯನ್ನು ಹೊತ್ತು ಕಾಡು ಸೇರಿದರು. ಆ ಕಾಡೇ ಮಡು. ವಾಜರು ಬರುವುದಕ್ಕೆ ಹದಿನೇಳು ವರ್ಷ ಮೊದಲು, ಗುರುವಿಲ್ಲದ ಜನ ತಾವೇ ಉಳಿಸಿಕೊಂಡ ಕ್ಷೇತ್ರ. ಇತ್ತೀಚಿನ ಯುದ್ಧದಲ್ಲಿ ಸಾವಿರಾರು ನಿರಾಶ್ರಿತರಿಗೆ ಆಸರೆಯಾಗಿತ್ತು. 1999ರ ನವೆಂಬರ್‌ನಲ್ಲಿ ಶೆಲ್ ಬಿದ್ದು ಅಲ್ಲಿ ಆಸರೆ ಪಡೆದವರೇ ಸತ್ತರು. 2008ರಲ್ಲಿ ಪ್ರತಿಮೆ ಮತ್ತೊಮ್ಮೆ ಕಾಡುದಾರಿ ಹಿಡಿಯಿತು, ಮತ್ತೆ ಮರಳಿ ಬಂತು. ಇಂದು ತಮಿಳರೂ ಸಿಂಹಳೀಯರೂ ಆಗಸ್ಟ್ 15ರ ಹಬ್ಬಕ್ಕೆ ಒಟ್ಟಿಗೆ ಸೇರುತ್ತಾರೆ. ಹುಡುಗರು ಅಲ್ಲಿ ಒಂದು ರಾತ್ರಿ ಉಳಿಯಲಿ ಎಂದು ಪ್ರಯಾಣದ ಉದ್ದವನ್ನೇ ಒಂದು ದಿನ ಹೆಚ್ಚಿಸಿದೆ. ಮನ್ನಾರ್ ಕೂಡ ರಕ್ತಸಾಕ್ಷಿಗಳ ನೆಲ. ಸಂತ ಫ್ರಾನ್ಸಿಸ್ ಜೇವಿಯರ್ ಕಳಿಸಿದ ಗುರುವಿನಿಂದ ದೀಕ್ಷಾಸ್ನಾನ ಪಡೆದ ನೂರಾರು ಜನರನ್ನು ಜಾಫ್ನಾದ ಅರಸ 1544ರಲ್ಲಿ ಕೊಲ್ಲಿಸಿದ.

ಒಂದು ಆಸೆಯನ್ನು ಮಾತ್ರ ಪೂರ್ತಿ ಕತ್ತರಿಸಿದೆವು. ಕ್ಯಾಂಡಿಯಿಂದ ನುವಾರ ಎಲಿಯ, ಎಲ್ಲ ಎಂಬ ಊರುಗಳ ಚಹಾ ಗುಡ್ಡದ ತಿರುವುಗಳು. ಬೈಕಿನವರ ಸ್ವರ್ಗವಂತೆ. 2025ರ ನವೆಂಬರ್ ಕೊನೆಯಲ್ಲಿ ‘ದಿತ್ವಾ’ ಚಂಡಮಾರುತ ಬಂದು ಆ ದೇಶದಲ್ಲಿ 600ಕ್ಕೂ ಹೆಚ್ಚು ಜನ ಸತ್ತರು, ಗುಡ್ಡ ಜಿಲ್ಲೆಗಳಲ್ಲೇ ಭೂಕುಸಿತ ಹೆಚ್ಚು. ರಸ್ತೆಗಳನ್ನು ಸರಿಮಾಡಿದ್ದಾರೆ ಎನ್ನುವವರಿದ್ದಾರೆ. ಇರಬಹುದು. ಆದರೆ ವಾಜರು ಎಲ್ಲಕ್ಕೆ ಹೋಗಿರಲಿಲ್ಲ ಎಂದೆ. ಹುಡುಗ ನಕ್ಕು ಬಿಟ್ಟುಕೊಟ್ಟ.

ಕ್ಯಾಂಡಿಯಲ್ಲಿ ಎರಡು ದಿನ. 1692ರಲ್ಲಿ ವಾಜರು ಅಲ್ಲಿಗೆ ಬಂದಾಗ ಪೋರ್ಚುಗೀಸರ ಗೂಢಚಾರನೆಂದು ಸೆರೆಗೆ ಹಾಕಿದರು. “ನೋಡಿ, ಕಾಗದ ಇಲ್ಲದೆ ಹೋದದ್ದಕ್ಕೆ ಸಂತರಿಗೂ ಜೈಲು,” ಎಂದು ಅತ್ತಿಗೆ. ನಾಲ್ಕು ತಿಂಗಳಲ್ಲಿ ಅವರು ಮಾಡಿದ ಮೊದಲ ತಮಾಷೆ ಅದು. 1697ರಲ್ಲಿ ಸಿಡುಬು ಬಂದು ಜನ ರೋಗಿಗಳನ್ನು ಕಾಡಿಗೆ ಬಿಟ್ಟು ಓಡಿದಾಗ, ಜಾತಿ ಮತ ನೋಡದೆ ಆರೈಕೆ ಮಾಡಿದವರು ವಾಜರು ಮತ್ತು ಅವರ ಜೊತೆ ಗುರು ಜೋಸೆ ದೆ ಕಾರ್ವಾಲೊ. ಅರಸನೇ ಮೆಚ್ಚಿದ. ವಾಜರ ಸಮಾಧಿ ಇಂದು ಗುರುತಿಗೆ ಸಿಗುವುದಿಲ್ಲ. ಇಷ್ಟು ದೂರ ಹೋಗಿ ಏನು ನೋಡುತ್ತೀರಿ ಎಂದು ನಾನು ಕೇಳಿದ್ದೆ. “ಊರು ನೋಡುತ್ತೇವೆ ಚಿಕ್ಕಪ್ಪ. ಅವರು ನೋಡಿದ ಊರು,” ಎಂದ.

ಉಳಿದದ್ದು ಪ್ರಯಾಣ ವಿಮೆ. ಇದನ್ನು ಕೊನೆಗೆ ಇಟ್ಟೆ, ಏಕೆಂದರೆ ನನಗೆ ಅದನ್ನು ಕೈಯಲ್ಲಿ ಹಿಡಿಯಲು ಕಷ್ಟವಾಯಿತು. ಟಿಕೆಟಿನೊಂದಿಗೆ ಒಂದು ಗುಂಡಿ ಒತ್ತಿದರೆ ಬರುವ ಅಗ್ಗದ ಪಾಲಿಸಿಯನ್ನು ಹುಡುಗ ಮೊದಲೇ ತೆಗೆದಿದ್ದ. ಮುಖಪುಟದಲ್ಲಿ ಲಕ್ಷಗಳ ಲೆಕ್ಕ. ಮೂರು ರಾತ್ರಿ ಕೂತು ಒಳಪುಟಗಳನ್ನು ಓದಿದೆ. ಹದಿನಾರನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಹೊರಗಿಟ್ಟ ವಿಷಯಗಳ ಪಟ್ಟಿಯಲ್ಲಿ ಮೋಟಾರ್ ಸೈಕಲ್ ಸವಾರಿ ಇತ್ತು. ಅಂದರೆ ಬಸ್ಸಿನಲ್ಲಿ ಹೋಗಿ ಬಿದ್ದರೆ ಹಣ, ಬೈಕಿನಿಂದ ಬಿದ್ದರೆ ಇಲ್ಲ. ಅದನ್ನು ಬಿಟ್ಟು ಬೇರೆಯದನ್ನು ಹುಡುಕಿದೆವು. ಬಾಡಿಗೆ ಬೈಕ್ ಓಡಿಸುವಾಗ ಚಿಕಿತ್ಸೆ ಸಿಗುತ್ತದೆಯೇ? ಎಷ್ಟು ಸಿಸಿವರೆಗೆ? ಹೆಲ್ಮೆಟ್, ಲೈಸನ್ಸ್ ಷರತ್ತು ಏನು? ಗಾಯಗೊಂಡವನನ್ನು ಊರಿಗೆ ತರುವ ಖರ್ಚು ಸೇರಿದೆಯೇ? ಫೋನಿನಲ್ಲಿ “ಎಲ್ಲ ಕವರ್ ಆಗುತ್ತದೆ ಸರ್” ಎಂದರು. ಅದನ್ನೇ ಇಮೇಲಿನಲ್ಲಿ ಬರೆದು ಕಳಿಸಿ ಎಂದೆ. ಒಬ್ಬರು ಕಳಿಸಲಿಲ್ಲ, ಒಬ್ಬರು ಕಳಿಸಿದರು. ಕಳಿಸಿದವರಲ್ಲಿ ತೆಗೆದುಕೊಂಡೆವು, ಹಣ ಹೆಚ್ಚಾಯಿತು. ಅಲ್ಲಿ ತುರ್ತಿಗೆ 1990 ಎಂಬ ಉಚಿತ ಆಂಬುಲೆನ್ಸ್ ಇದೆ. 2016ರಲ್ಲಿ ನಮ್ಮ ದೇಶದ ನೆರವಿನಿಂದಲೇ ಶುರುವಾದದ್ದು. ಪೊಲೀಸ್ 119. ಎರಡನ್ನೂ ಹೆಲ್ಮೆಟ್ಟಿನ ಒಳಗೆ ಅಂಟಿಸಿದ್ದಾರೆ, ರಕ್ತದ ಗುಂಪಿನೊಂದಿಗೆ. ವೀಸಾಕ್ಕೆ ‘ಇಟಿಎ’ ಅರ್ಜಿಯನ್ನು ಅಲ್ಲಿನ ಸರಕಾರದ ಅಧಿಕೃತ ಜಾಲತಾಣದಲ್ಲೇ ಹಾಕಿ. ಅದರಂತೆಯೇ ಕಾಣುವ ನಕಲಿಗಳು ಬೇಕಾದಷ್ಟಿವೆ.

ಹೊಸ ಪಾಲಿಸಿಯ ಹಣ ಕಟ್ಟುವ ದಿನ ಅತ್ತಿಗೆ ನಗದನ್ನು ಲಕೋಟೆಯಲ್ಲಿ ಹಾಕಿ ನನಗೆ ಕೊಟ್ಟರು. ಹುಡುಗ ಮೊಬೈಲಿನಲ್ಲೇ ಕಟ್ಟುತ್ತಿದ್ದ, ನಗದು ಬೇಕಾಗಿರಲಿಲ್ಲ. ಆದರೂ ಕೊಟ್ಟರು. ನಾನು ಆ ಗಂಟೆಯಲ್ಲೇ ಬ್ಯಾಂಕಿಗೆ ನಡೆದು ಹುಡುಗನ ಖಾತೆಗೆ ತುಂಬಿ, ರಸೀದಿಯನ್ನು ತಂದು ಅವರ ಕೈಗೆ ಕೊಟ್ಟೆ. ತಾರೀಕು ಓದಿ, ಮಡಚಿ, ಪ್ರಾರ್ಥನಾ ಪುಸ್ತಕದೊಳಗೆ ಇಟ್ಟರು.

ಕಳೆದ ವಾರ ಇಬ್ಬರ ಐಡಿಪಿಯೂ ಬಂತು. ರಾತ್ರಿ ತೇರ್ಸ್ ಮುಗಿಸಿ ಮಲಗುವ ಹೊತ್ತಿಗೆ ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿದರು: “‘ಎ’ ಇದೆಯಾ, ನೋಡಿದೆಯಾ?”

“ನೋಡಿದೆ ಅತ್ತಿಗೆ. ಇಬ್ಬರದ್ದರಲ್ಲೂ ಇದೆ.”

“ಇನ್ನೊಮ್ಮೆ ನೋಡು.”

ದೀಪ ಹಾಕಿ, ಕನ್ನಡಕ ಹುಡುಕಿ, ಇನ್ನೊಮ್ಮೆ ನೋಡಿದೆ.